ಬರಿಗೈಯ ದಾರಿ

ಯಾರು ಮೊದಲು ಮಾತಾಡಿಸಬೇಕು ಎನ್ನುವುದು ಇವತ್ತಿಗೂ ಇತ್ಯರ್ಥವಾಗಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಕನ್ನಡಿಯಲ್ಲಿ ತನ್ನ ಗಂಟಲಿನ ಸಡಿಲು ಚರ್ಮವನ್ನು ಬೇರೆ ಯಾರದೋ ಎಂಬಂತೆ ನೋಡುತ್ತ, ಅವನು ಅದೊಂದನ್ನೇ ಯೋಚಿಸುತ್ತಿದ್ದ. ಹಿಂದಿನ ವಾರದವರೆಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಹೊಲಿಗೆ ಕಾರ್ಖಾನೆಯ ಬಾಗಿಲಲ್ಲಿ ಸೈಕಲ್ಲಿಗೆ ಬೀಗ ಹಾಕುತ್ತಿದ್ದ ಷಡ್ಡಕ, ಹೆಂಡತಿಯ ತಂಗಿಯ ಗಂಡ, ಇವನನ್ನು ಕಂಡ ಕೂಡಲೇ ನೆಟ್ಟಗೆ ನಿಂತು “ಬಂದ್ರಾ ಭಾವ” ಅನ್ನುತ್ತಿದ್ದ. ಇವನು “ಹೂಂ” ಎಂದು ಒಳಗೆ ಹೋಗುತ್ತಿದ್ದ. ಅಲ್ಲಿಗೆ ಮುಗಿಯಿತು. ಈಗ ಆ ಷಡ್ಡಕ ಮೇಸ್ತ್ರಿಯಾಗಿದ್ದಾನೆ. ಮೇಸ್ತ್ರಿಗೆ ಬರೀ “ಹೂಂ” ಅನ್ನಲಾಗುತ್ತದೆಯೇ? ತಾನೇ ಮುಂದಾಗಿ ಮಾತಾಡಿಸಿದರೆ ನಾಲ್ಕು ಜನರೆದುರು ಸೋತು ಶರಣಾದ ಹಾಗೆ. ಸುಮ್ಮನಿದ್ದರೆ, ನೋಡಿದಿರಾ ಗರಗಸನಿಗೆ ಹೊಟ್ಟೆಕಿಚ್ಚು ಎಂದು ಹೊಲಿಗೆಯ ಸಾಲಿನ ಹೆಂಗಸರು ಕಿಸಕ್ಕೆನ್ನುತ್ತಾರೆ. ಗರಗಸ ಎನ್ನುವುದು ಅವರೆಲ್ಲ ಬೆನ್ನ ಹಿಂದೆ ಇಟ್ಟ ಹೆಸರು. ಅರ್ಧ ಆಯಸ್ಸು ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತವನಿಗೆ ಕತ್ತರಿ ಅಂತ ಹೆಸರಿಟ್ಟಿದ್ದರೂ ಒಪ್ಪಬಹುದಿತ್ತು. ಗರಗಸ ಎಂದಿದ್ದು ಕೆಲಸಕ್ಕಲ್ಲ, ನಾಲಿಗೆಗೆ.

“ತಂಗಿ ನಿನ್ನೆ ಫೋನ್ ಮಾಡಿದ್ಲು,” ಎಂದಳು ಹೆಂಡತಿ, ಊಟದ ಡಬ್ಬಿಯ ಮುಚ್ಚಳ ಒತ್ತುತ್ತ. “ಭಾವ ಮುಖ ಕೊಟ್ಟು ಮಾತಾಡ್ತಿಲ್ಲ ಅಂತ ಅವರು ಸರಿಯಾಗಿ ಊಟಾನೇ ಮಾಡ್ತಿಲ್ವಂತೆ.”

“ಮೇಸ್ತ್ರಿ ಆದ್ಮೇಲೆ ಹಸಿವು ಕಮ್ಮಿ ಆಗುತ್ತೆ.”

“ಅಯ್ಯೋ, ಸಾಕು ಮಾಡ್ರೀ. ಅವರೇನು ನಿಮ್ಮ ತಟ್ಟೆಯಿಂದ ಕಿತ್ಕೊಂಡ್ರಾ? ಕೊಟ್ರು, ತಗೊಂಡ್ರು.”

ಕೊಟ್ಟರು, ತಗೊಂಡ. ಎಷ್ಟು ಸಲೀಸು! ಮೆಟ್ಟಿಲಿಳಿಯುವಾಗ ಆ ಎರಡು ಪದಗಳು ಕಾಲಿಗೆ ತೊಡರಿಕೊಂಡವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೂ ಖುಷಿಯಾಗಲಿಲ್ಲ. ಹಿಂದಿನ ವಾರ ಕಾರ್ಖಾನೆಯ ಯಜಮಾನಿಯ ಕೋಣೆಗೆ ಅವನು ಹೋದದ್ದು ಜೇಬಿಗೆ ಹೊಸ ಪೆನ್ನು ಸಿಕ್ಕಿಸಿಕೊಂಡು. ಹಳೆಯ ಮೇಸ್ತ್ರಿ ಹೀಗೇ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಅವರು ಕೆಲಸ ಬಿಟ್ಟ ಮೇಲೆ ಆ ಜಾಗ ಯಾರದ್ದೆಂದು ಕೇಳುವ ಅಗತ್ಯವೇ ಇರಲಿಲ್ಲ. ಯಜಮಾನಿ ಕೂರಿಸಿ, ಚಹಾ ತರಿಸಿ, ಮುಂಗೈ ಮೇಲಿದ್ದ ದಾರದ ಚೂರೊಂದನ್ನು ಕಿತ್ತೆಸೆಯುತ್ತ ಹೇಳಿದ್ದಳು: “ನಿಮ್ಮ ಕೈ ಬಗ್ಗೆ ಎರಡು ಮಾತಿಲ್ಲ. ಆದ್ರೆ ಬೇಜಾರು ಮಾಡ್ಕೋಬೇಡಿ, ನಿಮ್ಮ ಹತ್ರ ಒಂದ್ಸಲ ಏನಾದ್ರೂ ಕೇಳೋಕೆ ಬಂದವರು ಎರಡನೇ ಸಲ ಬರಲ್ಲ. ಮೇಸ್ತ್ರಿ ಹತ್ರ ಜನ ಬರ್ಬೇಕಲ್ವಾ?” ಬೇರೆ ಯಾರಾದರೂ ಆಗಿದ್ದರೆ ಏನಾದರೂ ಅನ್ನುತ್ತಿದ್ದರು. ಊರಿಗೆಲ್ಲ ಚುರುಕು ಮುಟ್ಟಿಸುವ ನಾಲಿಗೆ ಅವತ್ತು ಒಣಗಿದ ಸೋಪಿನ ಚೂರಿನಂತೆ ಬಾಯಿಯಲ್ಲಿ ಅಂಟಿಕೊಂಡಿತ್ತು. “ಸರಿ ಮೇಡಂ, ಥ್ಯಾಂಕ್ಸ್,” ಎಂದು ಎದ್ದು ಬಂದಿದ್ದ. ಥ್ಯಾಂಕ್ಸ್! ಯಾತಕ್ಕೆ? ಆ ಜಾಗ ತಪ್ಪಿದ್ದಕ್ಕಿಂತ ಆ ಥ್ಯಾಂಕ್ಸು ಹೆಚ್ಚು ಚುಚ್ಚುತ್ತಿತ್ತು. ಹೊರಗೆ ಬಂದು ಪೆನ್ನನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಸಂಜೆ ನೋಡಿದರೆ ಶಾಯಿ ಸೋರಿ ತೊಡೆಯೆಲ್ಲ ನೀಲಿ.

ಅವನು ದೇವರಲ್ಲಿ ಕೇಳಿದ್ದು ಮೇಸ್ತ್ರಿಯ ಆ ಜಾಗವೊಂದನ್ನೇ. ಬೇರೆಯವರ ಹಾಗೆ ಮನೆ ಕೊಡು, ಮಠ ಕೊಡು ಎಂದು ಪೀಡಿಸಿದವನಲ್ಲ. ಮಲಗುವ ಮುಂಚೆ ಕಣ್ಣು ಮುಚ್ಚಿ, ಕಚೇರಿಯ ಕಿಂಡಿಯಲ್ಲಿ ಅರ್ಜಿ ತಳ್ಳುವವನ ಹಾಗೆ ವರ್ಷಗಳಿಂದ ಅದೇ ಒಂದು ಮಾತನ್ನು ತಳ್ಳಿದ್ದ. ಕೊನೆಗೆ ದೇವರು ಕೊಟ್ಟ ನಿಜ. ವಿಳಾಸ ತಪ್ಪಿ ಪಕ್ಕದ ಮನೆಗೆ ಹೋದ ಪಾರ್ಸೆಲ್ಲಿನ ಹಾಗೆ ಅದು ಷಡ್ಡಕನ ಬಾಗಿಲಿಗೆ ಹೋಯಿತು. ಷಡ್ಡಕ ಅದನ್ನು ಕೇಳಿಯೂ ಇರಲಿಕ್ಕಿಲ್ಲ. ಅವನು ಹಾಡು ಗುನುಗುತ್ತ ಸೈಕಲ್ ತುಳಿಯುವ ಮನುಷ್ಯ. ದೇವರಿಗೆ ತೊಂದರೆ ಕೊಡುವ ಪೈಕಿಯಲ್ಲ. ಅವತ್ತಿನಿಂದ ಇವನ ಪ್ರಾರ್ಥನೆ ನಿಂತಿದೆ. ಆದರೆ ದೇವರು ನೋಡುತ್ತಿದ್ದಾನೆ ಎನ್ನುವ ಭಾವನೆ ನಿಂತಿಲ್ಲ. ಶಾಲೆಯ ಮೇಷ್ಟ್ರು ಬೆರಳೆತ್ತಿ ಚಾವಣಿ ತೋರಿಸುತ್ತ, ನಾನು ನೋಡದಿದ್ದರೂ ಅವನು ನೋಡ್ತಾನೆ ಎಂದು ಹೆದರಿಸುತ್ತಿದ್ದರಲ್ಲ, ಆ ನೋಡುವವನು ಮಾತ್ರ ಚಾವಣಿ ಬಿಟ್ಟು ಇಳಿದಿರಲಿಲ್ಲ. ಕೊಡುವುದಿಲ್ಲ, ಹೋಗುವುದೂ ಇಲ್ಲ. ಒಳ್ಳೆಯ ಮೇಲ್ವಿಚಾರಕ ಸಿಕ್ಕಿದ ತನಗೆ ಎಂದುಕೊಂಡು ಅವನು ಬಸ್ಸಿಳಿದ.

ಷಡ್ಡಕ ಆಗಲೇ ಒಳಗಿದ್ದ. ಕತ್ತರಿಸುವ ಮೇಜಿನ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಕಡು ಹಸಿರು ಮಖಮಲ್ಲು ಪದರ ಪದರವಾಗಿ ಹಾಸಿತ್ತು. ಹಿಂದಿನ ದಿನ ಸಂಜೆ ಇವನು ಹೊರಟ ಮೇಲೆ ಷಡ್ಡಕನೇ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಹಾಸಿದ್ದ. ಯಾವುದೋ ದೊಡ್ಡ ಸಭಾಭವನದ ಕುರ್ಚಿಗಳಿಗೆ ಹೊದಿಕೆ. ಇವರ ಕಾರ್ಖಾನೆಗೆ ಇಂಥ ಕೆಲಸ ಬಂದದ್ದು ಇದೇ ಮೊದಲು. ಇಲ್ಲಿ ಹೊಲಿಯುವುದು ಸಮವಸ್ತ್ರ, ಆಸ್ಪತ್ರೆಯವರದು, ಶಾಲೆಯವರದು. ಆ ಬಟ್ಟೆಯನ್ನು ಹಾಸುವ ರೀತಿಯೇ ಬೇರೆ: ಆ ತುದಿಗೆ ಎಳೆದುಕೊಂಡು ಹೋಗುವುದು, ಅಲ್ಲೇ ಮಡಚಿ ಅದನ್ನೇ ಎಳೆದುಕೊಂಡು ವಾಪಸು ಬರುವುದು, ಮತ್ತೆ ಹೋಗುವುದು, ಒಂದು ಹೆಜ್ಜೆಯೂ ದಂಡವಾಗುವುದಿಲ್ಲ. ಮಖಮಲ್ಲಿಗೆ ಅದು ನಡೆಯದು. ಮಖಮಲ್ಲಿನ ಮೈಮೇಲಿನ ನವಿರಾದ ಎಳೆ ಒಂದೇ ಕಡೆಗೆ ಮಲಗಿರುತ್ತದೆ. ಅದು ಮಲಗಿದ ಕಡೆಗೆ ಕೈಯಾಡಿಸಿದರೆ ನುಣುಪು, ಎದುರು ಕಡೆಗೆ ಆಡಿಸಿದರೆ ಒರಟು. ಹೋಗುವಾಗ ಒಂದು ದಿಕ್ಕು, ಬರುವಾಗ ಇನ್ನೊಂದು ದಿಕ್ಕು ಆಗಿಬಿಟ್ಟರೆ ತುಂಡುಗಳಲ್ಲಿ ಅರ್ಧ ತಿಳಿಯಾಗಿ, ಅರ್ಧ ಕಪ್ಪಾಗಿ ಕಾಣುತ್ತವೆ. ಬಣ್ಣ ಒಂದೇ, ಬೆಳಕು ಕೂರುವ ರೀತಿ ಬೇರೆ. ಮೇಜಿನ ಮೇಲೆ ಗೊತ್ತಾಗುವುದಿಲ್ಲ. ಕುರ್ಚಿಗೆ ಹೊದಿಸಿ ದೀಪ ಹಾಕಿದ ಮೇಲೆ ಇಡೀ ಸಭಾಭವನ ತೇಪೆ ಹಾಕಿದ ಹಾಗೆ ಕಾಣುತ್ತದೆ. ಚಿಕ್ಕವನಾಗಿದ್ದಾಗ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಕಲಿತ ಇವನಿಗೆ ಅದು ಗೊತ್ತಿತ್ತು. ಈ ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮೇಜಿನ ತುದಿಯಲ್ಲಿ ಮಡಿಕೆ ಕಂಡಿತು. ಅವನು ಮೂಲೆಯನ್ನೆತ್ತಿ ಮೇಲಿನ ಪದರದ ಮೇಲೆ ಕೈಯಾಡಿಸಿದ, ನುಣುಪು. ಕೆಳಗಿನ ಪದರದ ಮೇಲೆ ಆಡಿಸಿದ. ಕೈ ನಿಂತಿತು.

“ಸರಿ ಇದೆಯಾ ಭಾವ?” ಷಡ್ಡಕ ಪಕ್ಕದಲ್ಲೇ ನಿಂತಿದ್ದ. ಮುಖದಲ್ಲಿ ನಿದ್ದೆ ಇಲ್ಲದ ಗುರುತು.

ಎದೆಯೊಳಗೆ ಏನೋ ಹಿತವಾದದ್ದು ಎದ್ದು ಮೈಮುರಿಯಿತು. ಇಷ್ಟು ದಿನ ಉರಿಯುತ್ತಿದ್ದ ಜಾಗಕ್ಕೆ ತಣ್ಣೀರು ಬಿದ್ದಂತೆ. ತಾನೇನೂ ಮಾಡಬೇಕಾಗಿಲ್ಲ. ಸುಳ್ಳು ಹೇಳಬೇಕಾಗಿಯೂ ಇಲ್ಲ. ಸುಮ್ಮನಿದ್ದರೆ ಸಾಕು, ಉಳಿದದ್ದನ್ನೆಲ್ಲ ಮಖಮಲ್ಲೇ ನೋಡಿಕೊಳ್ಳುತ್ತದೆ.

“ಮೇಸ್ತ್ರಿ ನೀನು,” ಎಂದ. “ನೀನು ಹಾಸಿದ್ಮೇಲೆ ನಾನ್ಯಾರಪ್ಪ ನೋಡೋಕೆ?”

ಬಟ್ಟೆ ಕತ್ತರಿಸುವ ಯಂತ್ರ ಹಚ್ಚಿದ. ಅದರ ನೆಟ್ಟನೆಯ ಅಲಗು ಕಣ್ಣಿಗೆ ಕಾಣದಷ್ಟು ವೇಗವಾಗಿ ಮೇಲೆ ಕೆಳಗೆ ಆಡುತ್ತ ಹಸಿರನ್ನು ಸೀಳಿಕೊಂಡು ಹೊರಟಿತು. ಕುರ್ಚಿಯ ಬೆನ್ನಿನ ತುಂಡು, ಮೇಲ್ಭಾಗ ದುಂಡು. ತಿರುಗಿಸಿ ಹಾಕಿ ಸರಿ ಮಾಡಿಕೊಳ್ಳೋಣವೆಂದರೂ ಆಗದ ಆಕಾರ. ಅಂಚು ತಿರುಗಿಸುವಾಗ ಮಣಿಕಟ್ಟು ಎಂದಿನಂತೆಯೇ ಸರಾಗವಾಗಿ ತಿರುಗಿತು. ಕೈಗೆ ನಾಚಿಕೆ ಇಲ್ಲ. ಕತ್ತರಿಸುವವನು ನಾನು, ಹಾಸಿದವನು ಅವನು ಎಂದು ಒಂದು ತುಂಡಿಗೆ ಹೇಳಿಕೊಂಡ. ಗೊತ್ತಿಲ್ಲದ ಕೆಲಸ ಒಪ್ಪಿಕೊಂಡರೆ ಹೀಗೇ ಆಗೋದು ಎಂದು ಇನ್ನೊಂದು ತುಂಡಿಗೆ. ಯಜಮಾನಿಗೂ ಬುದ್ಧಿ ಬರಲಿ ಎಂದು ಮತ್ತೊಂದಕ್ಕೆ. ಸಭಾಭವನದಲ್ಲಿ ದೀಪ ಹತ್ತಿಕೊಂಡದ್ದು, ಕುರ್ಚಿಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಕಂಡದ್ದು, ಷಡ್ಡಕ ಕೈ ಕಟ್ಟಿಕೊಂಡು ನಿಂತದ್ದು, ಯಜಮಾನಿ ಇವನನ್ನು ಕರೆಸಿ “ನಿಮ್ಮನ್ನೇ ಮೇಸ್ತ್ರಿ ಮಾಡ್ಬೇಕಿತ್ತು” ಎಂದದ್ದು, ಎಲ್ಲ ಕಣ್ಣೆದುರಿಗೆ ಬಂತು. ಅದರ ಪಕ್ಕದಲ್ಲೇ ಹೆಂಡತಿಯ ತಂಗಿಯ ಮುಖವೂ ಬಂತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಇವನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಭಾವ ಇದಾರಲ್ಲ, ನಮಗೇನು ಭಯ” ಎಂದು ಯಾರಿಗೋ ಹೇಳಿದ್ದಳು. ಅವನು ಯಂತ್ರವನ್ನು ಸ್ವಲ್ಪ ಜೋರಾಗಿ ಒತ್ತಿದ.

ಕಾಲುಭಾಗದಷ್ಟು ಕತ್ತರಿಸಿ ಆಗಿತ್ತು. ಷಡ್ಡಕ ಎರಡು ಲೋಟ ಚಹಾ ಹಿಡಿದು ತಾನೇ ಬಂದ. ಹೊಲಿಗೆಯ ಸಾಲಿನ ಯಂತ್ರಗಳು ಒಂದೊಂದಾಗಿ ಸುಮ್ಮನಾದವು; ಭಾವ, ಷಡ್ಡಕ ಏನು ಮಾತಾಡುತ್ತಾರೆ ಎಂದು ಕೇಳುವ ಆಸೆ ಎಲ್ಲರಿಗೂ. “ಭಾವ,” ಷಡ್ಡಕ ತಗ್ಗಿದ ದನಿಯಲ್ಲಿ ಹೇಳಿದ, “ಈ ಬಟ್ಟೆ ನಂಗೆ ಗೊತ್ತಿಲ್ಲ. ಎಲ್ಲಾದ್ರೂ ತಪ್ಪಿದ್ರೆ ಬೈದ್ರೂ ಪರವಾಗಿಲ್ಲ, ಹೇಳ್ಬಿಡಿ.”

“ಗೊತ್ತಿಲ್ದೇನೇ ಮೇಸ್ತ್ರಿ ಆದ್ಯಾ?” ಇವನು ದನಿ ತಗ್ಗಿಸಲಿಲ್ಲ. “ಪರವಾಗಿಲ್ವೇ! ಗೊತ್ತಿದ್ದವರೆಲ್ಲ ಕತ್ತರಿ ಹಿಡ್ಕೊಂಡು ನಿಂತಿದೀವಿ.”

ಯಾರೋ ನಕ್ಕರು. ಷಡ್ಡಕನ ಕಿವಿ ಕೆಂಪಾಯಿತು. ಅವನು ಚಹಾದ ಲೋಟವನ್ನು ಬಟ್ಟೆಗೆ ತಾಗದ ಹಾಗೆ ಮೇಜಿನ ಅಂಚಿನಿಂದ ದೂರ ಸ್ಟೂಲಿನ ಮೇಲಿಟ್ಟು ಹೋದ. ಬೈದು ಹೋಗಿದ್ದರೆ ಒಳ್ಳೆಯದಿತ್ತು. ಲೋಟ ಚೆಲ್ಲಿಹೋಗಿದ್ದರೂ ಒಳ್ಳೆಯದಿತ್ತು. ಎರಡೂ ಆಗದೆ ಚಹಾ ಅಲ್ಲೇ ಕೂತು ಕೆನೆಗಟ್ಟಿತು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಮೇಜಿನ ಅರ್ಧ ಮುಗಿದಿತ್ತು. ಕತ್ತರಿಸಿದ ತುಂಡುಗಳನ್ನು ಕಟ್ಟು ಕಟ್ಟಿ ಪಕ್ಕಕ್ಕಿಟ್ಟಿದ್ದರು, ಊಟ ಆದಮೇಲೆ ಹೊಲಿಗೆಗೆ ಹೋಗುತ್ತವೆ. ಒಮ್ಮೆ ಸೂಜಿ ಬಿತ್ತೆಂದರೆ ಮುಗಿಯಿತು. ಮಖಮಲ್ಲಿನ ಮೇಲೆ ಬಿದ್ದ ತೂತು ಹೊಲಿಗೆ ಬಿಚ್ಚಿದರೂ ಹೋಗುವುದಿಲ್ಲ.

ಊಟಕ್ಕೆ ಎಲ್ಲರ ಜೊತೆ ಕೂರಲಾಗಲಿಲ್ಲ. ಡಬ್ಬಿ ಹಿಡಿದುಕೊಂಡು ಬಟ್ಟೆಯ ಥಾನುಗಳನ್ನಿಡುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. ಹೊಸ ಬಟ್ಟೆಯ ಗಂಜಿಯ ವಾಸನೆ, ಮೇಲೆ ಒಂದೇ ಗವಾಕ್ಷಿ. ಸಾಲು ಸಾಲು ಥಾನುಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಸಂದು. ಅಲ್ಲಿ ಕೂತ. ಕೂತ ಮೇಲೆ ತಿಳಿಯಿತು, ತಾನು ಊಟಕ್ಕೆ ಬಂದದ್ದಲ್ಲ, ಅಡಗಿಕೊಳ್ಳಲು ಬಂದದ್ದು. ಯಾರಿಂದ? ಅಭ್ಯಾಸಬಲದಿಂದ ಚಾವಣಿ ನೋಡಿದ. ನೋಡು, ಚೆನ್ನಾಗಿ ನೋಡು ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದ. ನೀನು ಕೊಟ್ಟಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ? ಚಾವಣಿಯಲ್ಲಿ ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಕಂಡಿದ್ದರೆ ಕೋಲಿಗೆ ಬಟ್ಟೆ ಕಟ್ಟಿ ತೆಗೆಯುತ್ತಿದ್ದಳು. ಅವಳು ಒಂದು ಎತ್ತರದ ಕಚೇರಿ ಕಟ್ಟಡದಲ್ಲಿ ಮೆಟ್ಟಿಲು ಒರೆಸುವವಳು. ಶಾಲೆಗೆ ರಜವಿದ್ದಾಗ ಇವನು ಬಕೆಟ್ಟು ಹಿಡಿದು ಹಿಂದೆ. ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ ಒರೆಸುವಾಗ ಅವಳು ದೇವರ ಜೊತೆ ಮಾತಾಡುತ್ತಿದ್ದಳು, ಗೊಣಗುತ್ತಲೂ ಅಲ್ಲ, ಹಾಡುತ್ತಲೂ ಅಲ್ಲ, ಪಕ್ಕದಲ್ಲಿ ಕೂತ ನೆಂಟನ ಜೊತೆ ಆಡುವ ಹಾಗೆ. “ಸ್ವಲ್ಪ ಆಚೆ ಸರಿಯಪ್ಪಾ, ಅಲ್ಲಿ ಒರೆಸ್ಬೇಕು,” ಅನ್ನುವಳು. ಒಮ್ಮೆ ಕಾಗದದ ಕಟ್ಟು ಹಿಡಿದು ಇಳಿಯುತ್ತಿದ್ದ ಗುಮಾಸ್ತನೊಬ್ಬ ತನಗೇ ಅಂದಳೆಂದು ತಿಳಿದು ಸರ್ರನೆ ಗೋಡೆಗೆ ಒರಗಿ ನಿಂತಿದ್ದ. “ಅಯ್ಯೋ, ನಿಮಗಲ್ಲ ಸಾರ್,” ಎಂದಳು ಅಮ್ಮ. ಮತ್ಯಾರಿಗೆ ಎಂದು ಅವನು ಸುತ್ತ ನೋಡಿದ. ಇವನಿಗೆ ಬಕೆಟ್ಟಿನೊಳಗೆ ಮುಳುಗಿ ಸಾಯುವಷ್ಟು ನಾಚಿಕೆ.

ಆ ಕೆಲಸವೂ ಒಂದು ದಿನ ಹೋಯಿತು. ಒರೆಸಲು ಯಾವುದೋ ಕಂಪನಿಗೆ ವಹಿಸಿದ್ದೇವೆ, ನಾಳೆಯಿಂದ ಬರಬೇಡ ಎಂದರು. ಅವಳು ಕೊನೆಯ ಮೆಟ್ಟಿಲನ್ನೂ ಒರೆಸಿ, ಬಟ್ಟೆ ಹಿಂಡಿ, ಬಕೆಟ್ಟು ಬೋರಲು ಹಾಕಿದಳು. “ಈಗೇನಮ್ಮ ಮಾಡೋದು?” ಎಂದು ಇವನು ಅಳುದನಿಯಲ್ಲಿ ಕೇಳಿದ. “ಏನು ಮಾಡೋದು, ಮನೆಗೆ ಹೋಗೋದು,” ಎಂದಳು. “ಅವನೂ ಬರ್ತಾನೆ ಜೊತೆಗೆ. ಇಲ್ಲೇ ಇದ್ದು ಅವನಿಗೇನು ಕೆಲಸ?” ಇವನಿಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಲಸ ಉಳಿಸಲಾಗದ ದೇವರು ಜೊತೆಗೆ ಬಂದು ಏನು ಮಾಡುತ್ತಾನೆ? ಚೀಲ ಹೊರುತ್ತಾನೆಯೇ? ಅಮ್ಮನ ದೇವರು ಕೈಲಾಗದವನು ಎಂದು ಅವತ್ತೇ ತೀರ್ಮಾನಿಸಿ, ಅವನು ಮೇಷ್ಟ್ರ ದೇವರನ್ನು ಹಿಡಿದುಕೊಂಡ. ಬೆರಳೆತ್ತುವವನು, ಲೆಕ್ಕ ಇಡುವವನು, ಸರಿಯಾಗಿ ನಡೆದುಕೊಂಡರೆ ಮೇಸ್ತ್ರಿ ಮಾಡುವವನು. ಅವಳು ಮಾತ್ರ ಆಮೇಲೆ ಎಲ್ಲೆಲ್ಲೋ ಪಾತ್ರೆ ತೊಳೆದು, ಎಲ್ಲೆಲ್ಲೋ ಬಟ್ಟೆ ಒಗೆದು, ಕೊನೆಯವರೆಗೆ ಏನನ್ನೂ ಕಳೆದುಕೊಂಡವಳ ಹಾಗೆ ಕಾಣಲೇ ಇಲ್ಲ. ಅದು ಪೆದ್ದುತನ ಎಂದುಕೊಂಡಿದ್ದ. ಈಗ ಥಾನುಗಳ ಸಂದಿಯಲ್ಲಿ, ಮುಚ್ಚಳ ತೆಗೆಯದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನಿಗೆ ಮೊದಲ ಸಲ ಹೊಟ್ಟೆಕಿಚ್ಚಾದದ್ದು ಷಡ್ಡಕನ ಮೇಲಲ್ಲ, ಅಮ್ಮನ ಮೇಲೆ.

ಬೆಳಿಗ್ಗೆ ಕೈ ನಿಂತಿತಲ್ಲ. ಆಗಲೂ ಅಮ್ಮನ ದೇವರು ಅಲ್ಲಿ ಇದ್ದನೇ? ಇದ್ದಿರಬೇಕು. ಅಮ್ಮನ ಪ್ರಕಾರ ಇಲ್ಲದೆ ಎಲ್ಲಿಗೆ ಹೋಗುತ್ತಾನೆ. ಇವನು ಬಾಯಿ ಮುಚ್ಚಿಕೊಂಡಾಗ, ಯಂತ್ರ ಹಚ್ಚಿದಾಗ, ಆ ಪಾಪದವನ ಕಿವಿ ಕೆಂಪಾದಾಗ, ಎಲ್ಲ ಹೊತ್ತಿನಲ್ಲೂ ಪಕ್ಕದಲ್ಲೇ ನಿಂತಿದ್ದ. ಎದ್ದು ಹೋಗಲಿಲ್ಲ. ಈಗ ಈ ಸಂದಿಯೊಳಕ್ಕೂ ಹಿಂದೆಯೇ ಬಂದು, ಇಕ್ಕಟ್ಟಾದರೂ ಸರಿ ಎಂದು ಕೂತಿದ್ದಾನೆ. ನೋಡಲಿಕ್ಕೆಂದು ಬಂದವನಾಗಿದ್ದರೆ ಬೆಳಿಗ್ಗೆಯೇ ಸಾಕಷ್ಟು ನೋಡಿಯಾಗಿತ್ತಲ್ಲ, ಇನ್ನೂ ಯಾಕೆ ಕೂರಬೇಕು? ಇವನಿಗೆ ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ. ಇಷ್ಟು ವರ್ಷ ಚಾವಣಿಯ ಕಡೆ ಕತ್ತೆತ್ತಿ ಕತ್ತು ನೋಯಿಸಿಕೊಂಡನೇ ಹೊರತು ಒಂದು ಸಲವೂ ಪಕ್ಕಕ್ಕೆ ತಿರುಗಿರಲಿಲ್ಲ. ಈಗ ಎದ್ದು ಹೋಗಿ ಹೇಳಿದರೆ ಮೇಜು ಹೋಗಬಹುದು, ಕೈಯ ಹೆಸರು ಹೋಗಬಹುದು, ಹೆಂಡತಿಯ ತಂಗಿಯ ಮನೆಯ ಬಾಗಿಲು ಮುಚ್ಚಬಹುದು. ಎಲ್ಲ ಹೋಗಬಹುದು. ಪಕ್ಕದಲ್ಲಿ ಕೂತವನು ಹೋಗುವುದಿಲ್ಲ. ಹಾಗೆಂದು ಯಾರೂ ಕಿವಿಯಲ್ಲಿ ಹೇಳಲಿಲ್ಲ, ಗವಾಕ್ಷಿಯಿಂದ ಬೆಳಕೂ ಬೀಳಲಿಲ್ಲ. ಅಳು ಬಂತು, ಅಷ್ಟೇ. ಅತ್ತ. ಆಮೇಲೆ ಮೂಗು ಒರೆಸಿಕೊಂಡು ಎದ್ದ.

ಷಡ್ಡಕ ಹಿಂದಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಅವನ ಡಬ್ಬಿಯೂ ಮುಚ್ಚೇ ಇತ್ತು.

“ಕಟ್ಟು ಯಾವುದನ್ನೂ ಹೊಲಿಗೆಗೆ ಕಳಿಸ್ಬೇಡ,” ಎಂದ ಇವನು. “ಹಾಸಿದ್ದು ತಪ್ಪಾಗಿದೆ. ಮಖಮಲ್ಲಿಗೆ ಹೋಗ್ತಾ ಬರ್ತಾ ಹಾಸಬಾರದು. ಅರ್ಧ ತುಂಡು ಉಲ್ಟಾ ಬಂದಿದೆ.”

ಷಡ್ಡಕ ಎದ್ದು ನಿಂತ. ಮುಖದ ಬಣ್ಣ ಇಳಿದಿತ್ತು. “ಅಯ್ಯೋ ದೇವರೇ. ಯಾವಾಗ ಗೊತ್ತಾಯ್ತು ಭಾವ?”

ಈಗ ತಾನೇ. ಎರಡೇ ಪದ, ನಾಲಿಗೆಯ ತುದಿಯಲ್ಲಿ ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದವು. ಈಗ ತಾನೇ ಊಟಕ್ಕೆ ಹೋಗೋವಾಗ ಗೊತ್ತಾಯ್ತು ಕಣಯ್ಯಾ, ಓಡಿಬಂದೆ. ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ಷಡ್ಡಕನೂ ಉಳಿಯುತ್ತಿದ್ದ, ಇವನೂ ಉಳಿಯುತ್ತಿದ್ದ; ಕಾರ್ಖಾನೆ ಉಳಿಸಿದವನೆಂದು ಸಂಜೆ ಹೆಂಡತಿ ತಂಗಿಗೆ ಫೋನ್ ಮಾಡುತ್ತಿದ್ದಳು. ಅಷ್ಟು ಸುಲಭವಾಗಿ ಒಳ್ಳೆಯವನಾಗುವ ಅವಕಾಶ ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಪಕ್ಕಕ್ಕೆ ಒಂದು ಸಲ ನೋಡಿದ. ಮೆಟ್ಟಿಲಿನ ಕಂಬಿ, ಅದರಾಚೆ ಗೋಡೆ.

“ಬೆಳಿಗ್ಗೆನೇ,” ಎಂದ. “ನೀನು ಕೇಳೋಕ್ಕಿಂತ ಮುಂಚೆನೇ.”

ಷಡ್ಡಕ ಇವನ ಮುಖ ಬಿಟ್ಟು ಕೈಯನ್ನು ನೋಡುತ್ತ ಹೇಳಿದ: “ನಿಮ್ಮ ಕೈ ನಿಂತಿದ್ದು ನೋಡ್ದೆ. ಏನೋ ಇದೆ ಅನ್ನಿಸ್ತು. ಅದಕ್ಕೇ ಎರಡನೇ ಸಲ ಬಂದೆ.” ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದ. ಎರಡನೇ ಸಲ ಯಾರ ಹತ್ತಿರ ಯಾರೂ ಬರುವುದಿಲ್ಲವೋ ಅವನ ಹತ್ತಿರ ಬಂದಿದ್ದ, ಕೈಯಲ್ಲಿ ಚಹಾ ಹಿಡಿದುಕೊಂಡು. ಒದೆ ತಿಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಯಜಮಾನಿಯ ಕೋಣೆಯಲ್ಲಿ ಷಡ್ಡಕ “ಹಾಸಿದ್ದು ನಾನು ಮೇಡಂ” ಎಂದ. “ಗೊತ್ತಿದ್ದೂ ಕತ್ತರಿಸಿದ್ದು ನಾನು,” ಎಂದ ಇವನು. ಅವಳು ಇಬ್ಬರನ್ನೂ ನೋಡಿದಳು; ಷಡ್ಡಕನನ್ನು ನೋಡಿದಾಗ ಸಿಟ್ಟಿತ್ತು, ಇವನನ್ನು ನೋಡಿದಾಗ ಸಿಟ್ಟಿಗಿಂತ ಕೆಟ್ಟದ್ದು, ಗುರುತು ಸಿಗದವರನ್ನು ನೋಡುವಂಥ ನೋಟ. ಸರಿ ದಿಕ್ಕಿನ ತುಂಡುಗಳನ್ನು ಆರಿಸಿ ಇಡುವುದು, ಉಲ್ಟಾ ಬಂದವು ಬಾಲ್ಕನಿಯ ಕುರ್ಚಿಗಳಿಗಾದರೂ ಆಗುತ್ತವೆಯೇ ಎಂದು ಗಿರಾಕಿಯ ಕಾಲು ಹಿಡಿದು ಕೇಳುವುದು, ಉಳಿದದ್ದನ್ನು ಬಿಚ್ಚಿ ಮತ್ತೆ ಹಾಸುವುದು ಎಂದು ತೀರ್ಮಾನವಾಯಿತು. “ನಿಮ್ಮನ್ನ ಕಳಿಸ್ಬಿಡಬೇಕಿತ್ತು,” ಎಂದಳು ಇವನಿಗೆ. “ನಾಳೆಯಿಂದ ಯಂತ್ರ ಮುಟ್ಬೇಡಿ. ಹಾಸೋ ಹೆಂಗಸರ ಜೊತೆ ಇರಿ. ಮೇಸ್ತ್ರಿ ಹೇಳಿದ ಹಾಗೆ ಕೇಳಿ.” ಈ ಸಲ ಥ್ಯಾಂಕ್ಸ್ ಅನ್ನಬೇಕೆನಿಸಲಿಲ್ಲ, “ಸರಿ ಮೇಡಂ” ಎಂದದ್ದು ಮಾತ್ರ ಸರಿಯಾಗಿಯೇ ಹೊರಬಂತು. ಕೋಣೆಯಿಂದ ಹೊರಗೆ ಬಂದಾಗ ಹೊಲಿಗೆಯ ಸಾಲಿನವರು ಒಬ್ಬರೂ ತಲೆ ಎತ್ತಲಿಲ್ಲ. ಆಗಲೇ ಸುದ್ದಿ ತಲುಪಿದೆ ಎಂದರ್ಥ.

ಸಂಜೆ ಎಲ್ಲವನ್ನೂ ಹೆಂಡತಿಗೆ ಹೇಳಿದ. ಅವಳು ತೊಳೆಯುತ್ತಿದ್ದ ಪಾತ್ರೆ ಬಿಟ್ಟು, ಒದ್ದೆ ಕೈಯಲ್ಲೇ ಬಂದು ಎದುರು ಕೂತಳು. “ನನ್ನ ತಂಗಿ ಮನೆ ಮುರಿಯೋಕೆ ಹೊರಟಿದ್ರಾ?” ಎಂದಳು. ಅವನು ಹೌದು ಎಂದ. ಅವಳು ಅತ್ತಳು. ಅವನು ಎದ್ದು ಉಳಿದ ಪಾತ್ರೆ ತೊಳೆದ. ಬೆನ್ನ ಹಿಂದೆ ಅವಳ ಬಿಕ್ಕು ಕೇಳುತ್ತಲೇ ಇತ್ತು. ಸಮಾಧಾನ ಮಾಡಲು ಯಾವ ಅರ್ಹತೆಯೂ ಇಲ್ಲದವನು ತೊಳೆಯುತ್ತ ನಿಂತಿದ್ದ. ವಿಚಿತ್ರವೆಂದರೆ, ಇಷ್ಟೆಲ್ಲ ಆಗಿಯೂ ಎಷ್ಟೋ ದಿನಗಳ ಮೇಲೆ ಅವತ್ತು ಅವನಿಗೆ ಹಸಿವಾಯಿತು.

ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲಿ ಷಡ್ಡಕ ಸೈಕಲ್ಲಿಗೆ ಬೀಗ ಹಾಕುತ್ತಿದ್ದ. ಇವನೇ ನಿಂತು “ಬಂದ್ಯೇನಪ್ಪಾ” ಎಂದ. ಷಡ್ಡಕ ತಲೆಯಾಡಿಸಿ, ಮಾತಾಡದೆ ಒಳಗೆ ಹೋದ. ಅದು ಸರಿಯೇ, ಅನಿಸಿತು. ತಪ್ಪು ಒಪ್ಪಿಕೊಂಡದ್ದು ನಿನ್ನೆ. ಇವತ್ತೇ ಕ್ಷಮೆಯನ್ನು ಕೈಗೆ ಕೊಡು ಅಂದರೆ ಹೇಗೆ? ಮೇಜಿನ ಈ ತುದಿಯಲ್ಲಿ ಹೊಸ ಥಾನು ಕಂಬಿಗೆ ಸಿಕ್ಕಿಸಿತ್ತು. ದಪ್ಪ ಕನ್ನಡಕದ ಹೆಂಗಸೊಬ್ಬಳು ಕತ್ತರಿ ಹಿಡಿದು ಥಾನಿನ ಬಳಿ ನಿಂತಿದ್ದಳು. ಬಟ್ಟೆಯ ತುದಿಯನ್ನು ಎರಡು ಕೈಯಲ್ಲಿ ಹಿಡಿದು ಆ ತುದಿಯವರೆಗೆ ಎಳೆದುಕೊಂಡು ಹೋಗುವುದು ಇವನ ಕೆಲಸ. ಅವಳು ಇಲ್ಲಿ ಕತ್ತರಿಸುತ್ತಾಳೆ, ಇವನು ಅಲ್ಲಿ ಸುಕ್ಕು ನೀವಿ ಬಿಡುತ್ತಾನೆ, ಮತ್ತೆ ಈ ತುದಿಗೆ ನಡೆದು ಬಂದು ಹೊಸ ತುದಿ ಹಿಡಿಯುತ್ತಾನೆ. ಹೋಗುವಾಗ ಕೈ ತುಂಬ ಹಸಿರು. ಬರುವಾಗ ಬರಿಗೈ. ಇಡೀ ಮೇಜಿನ ಉದ್ದ, ಕೈ ಬೀಸಿಕೊಂಡು, ಕೆಲಸವಿಲ್ಲದವನ ಹಾಗೆ, ಯಂತ್ರದ ಮುಂದೆ ಕೂತ ಎಲ್ಲರೂ ನೋಡುವ ಹಾಗೆ ನಡೆದು ಬರಬೇಕು. ಮೊದಲ ಸಲ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದರೆ ಯಜಮಾನನ ಹಾಗೆ, ಮುಂದೆ ಕಟ್ಟಿದರೆ ಕಳ್ಳನ ಹಾಗೆ. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದು ನಕ್ಕಳು.

ಕೆಲವು ಪದರಗಳಾದ ಮೇಲೆ ಕೈಗಳು ತಾವಾಗಿ ಇಳಿಬಿದ್ದವು. ಮತ್ತೆ ಒಂದು ಪದರ ಎಳೆದು, ಸುಕ್ಕು ನೀವಿ, ಅವನು ತಿರುಗಿ ನಡೆಯತೊಡಗಿದ. ಎಡಕ್ಕೆ ಮಖಮಲ್ಲು, ಬಲಕ್ಕೆ ಹೊಲಿಗೆ ಯಂತ್ರಗಳ ಸದ್ದು. ತಾನು ಒಬ್ಬನೇ ನಡೆಯುತ್ತಿಲ್ಲ ಎನ್ನುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಹಗಲು ಬೆಳಕಿನಲ್ಲಿ ಮೇಜು ಇದೆ ಎನ್ನುವುದರಲ್ಲಿ ಹೇಗೋ ಹಾಗೆ. ವರ್ಷಗಳ ಅಭ್ಯಾಸ ಬಿಡುತ್ತದೆಯೇ, ಹೇಗಿದ್ದರೂ ಜೊತೆಗಿದ್ದಾನಲ್ಲ, ಏನಾದರೂ ಕೇಳೋಣ ಎಂದು ಬಾಯಿ ತೆರೆಯಹೋದ. ಮೇಸ್ತ್ರಿಯ ಜಾಗ ನೆನಪಾಯಿತು, ಬೇಕೆನಿಸಲಿಲ್ಲ. ಕತ್ತರಿಸುವ ಯಂತ್ರ ನೆನಪಾಯಿತು, ಅದರ ಮುಂದೆ ಈಗ ಇನ್ನೊಬ್ಬ ನಿಂತಿದ್ದ, ನಿಂತಿರಲಿ. ಷಡ್ಡಕ ಮಾತಾಡಲಿ ಎಂದು ಕೇಳಬಹುದಿತ್ತು. ಅದನ್ನು ಅವನಾಗಿಯೇ ಕೊಡಬೇಕು, ಅವನ ತಲೆ ಬಗ್ಗಿಸಿ ಕೊಡಿಸುವಂಥದ್ದಲ್ಲ. ಇನ್ನೇನು? ಅವನು ಅರ್ಧ ಮೇಜು ನಡೆದು ಬಂದಿದ್ದ. ತನ್ನೊಳಗೆಲ್ಲ ಹುಡುಕಿ ನೋಡಿದ. ಕೇಳಲು ಏನೂ ಸಿಗಲಿಲ್ಲ. ಆಶ್ಚರ್ಯವಾಗಿ ಅಲ್ಲೇ ನಿಂತುಬಿಟ್ಟ.

“ಏನ್ರೀ, ಬರಿಗೈಯಲ್ಲಿ ಬರೋಕೆ ಇಷ್ಟು ಹೊತ್ತಾ?” ಎಂದು ಕನ್ನಡಕದ ಹೆಂಗಸು ಕತ್ತರಿ ಆಡಿಸುತ್ತ ಕೂಗಿದಳು.

“ಬಂದೆ ಬಂದೆ,” ಎಂದ ಅವನು. ಹೋಗಿ ಎರಡೂ ಕೈ ಚಾಚಿ ಬಟ್ಟೆಯ ತುದಿ ಹಿಡಿದುಕೊಂಡ.